ಮತ್ತೆ ಮತ್ತೆ ಅದೇ ಸ್ವರ: ಪುನರಾವರ್ತನೆ, ಯಂತ್ರ ಮತ್ತು ಇಂದಿನ ಪಾಶ್ಚಾತ್ಯ ಸಂಗೀತ



ಇಂದಿನ ಮಾತನ್ನು ಒಂದು ಗಲಾಟೆಯಿಂದ ಆರಂಭಿಸುತ್ತೇನೆ. ಸಂಗೀತ ಕಚೇರಿಯೊಂದರಲ್ಲಿ ನಡೆದ ಗಲಾಟೆ ಅದು. 1973ರ ಜನವರಿ, ನ್ಯೂಯಾರ್ಕ್ ನಗರದ ಕಾರ್ನೆಗಿ ಹಾಲ್. ಬಾಸ್ಟನ್ ಸಿಂಫನಿ ವಾದ್ಯವೃಂದದವರ ಕಾರ್ಯಕ್ರಮ. ವೇದಿಕೆಯ ಮೇಲೆ ನಾಲ್ಕು ಎಲೆಕ್ಟ್ರಿಕ್ ಆರ್ಗನ್‌ಗಳು, ಜೊತೆಗೆ ಗಿಲಕಿಯಂತೆ ಅಲ್ಲಾಡಿಸಿ ನುಡಿಸುವ ಮರಾಕಾ. ಅಮೆರಿಕದ ಸಂಯೋಜಕ ಸ್ಟೀವ್ ರೈಶ್ 1970ರಲ್ಲಿ ಬರೆದ ‘ಫೋರ್ ಆರ್ಗನ್ಸ್’ ಎಂಬ ಕೃತಿ ಅಂದು ನಡೆಯುತ್ತಿತ್ತು. ಅದರಲ್ಲಿರುವುದು ಒಂದೇ ಒಂದು ಸ್ವರಗುಚ್ಛ. ಮೊದಲು ತಟ್ಟಿ ಬಿಟ್ಟಷ್ಟು ಚಿಕ್ಕದಾಗಿ ಕೇಳಿಸುವ ಆ ಗುಚ್ಛದ ಸ್ವರಗಳು ಒಂದೊಂದಾಗಿ ಉದ್ದವಾಗುತ್ತ ಹೋಗುತ್ತವೆ. ಕಾಲು ಗಂಟೆ ಕಳೆದರೂ ಅದೇ ಗುಚ್ಛ. ಮರಾಕಾದ ಸದ್ದು ಒಂದೇ ಸಮನೆ ನಡೆದಿರುತ್ತದೆ. ಸಭಿಕರ ತಾಳ್ಮೆ ಕೆಟ್ಟಿತು. ಕೂಗಾಟ ಎಷ್ಟು ಜೋರಾಯಿತೆಂದರೆ, ವಾದಕರಿಗೆ ತಾವು ಎಲ್ಲಿದ್ದೇವೆಂಬುದೇ ತಪ್ಪಿಹೋಗದಂತೆ, ಅವರಲ್ಲೊಬ್ಬರಾದ ಮೈಕೆಲ್ ಟಿಲ್ಸನ್ ಥಾಮಸ್ ಎಣಿಕೆಯನ್ನು ಗಟ್ಟಿಯಾಗಿ ಕೂಗಿ ಹೇಳಬೇಕಾಯಿತು. ಮಹಿಳೆಯೊಬ್ಬರು ಮುಂದೆ ಬಂದು ವೇದಿಕೆಯನ್ನೇ ಬಡಿದು ಪ್ರತಿಭಟಿಸಿದರೆಂಬುದು ಆ ರಾತ್ರಿಯ ಬಗ್ಗೆ ಟಿಲ್ಸನ್ ಥಾಮಸ್ ಹೇಳಿರುವ ಕಥೆ.

ಇದಾಗಿ ಮೂವತ್ತೆಂಟು ವರ್ಷ. 2011ರ ಮಾರ್ಚ್ ತಿಂಗಳಲ್ಲಿ ಇದೇ ಟಿಲ್ಸನ್ ಥಾಮಸ್ ಆಸ್ಟ್ರೇಲಿಯಾದ ಸಿಡ್ನಿ ಒಪೆರಾ ಹೌಸಿನಲ್ಲಿ ವಾದ್ಯವೃಂದವೊಂದರ ಮುಂದೆ ನಿಂತಿದ್ದರು. ಅಂದು ಮೊದಲ ಬಾರಿಗೆ ನುಡಿಸಿದ ‘ಮದರ್‌ಶಿಪ್’ ಎಂಬ ಕೃತಿಯನ್ನು ಬರೆದವರು ಅಮೆರಿಕದ ಮೇಸನ್ ಬೇಟ್ಸ್. ಇವರು ಸಿಂಫನಿ ಬರೆಯುವವರೂ ಹೌದು, ರಾತ್ರಿ ಕ್ಲಬ್ಬುಗಳಲ್ಲಿ ಡಿ.ಜೆ. ಆಗಿ ಕೆಲಸ ಮಾಡಿದವರೂ ಹೌದು. ಪಿಟೀಲು, ಕಹಳೆಗಳ ನಡುವೆ ಯಂತ್ರದ ತಾಳ ಬಡಿಯುತ್ತಿತ್ತು. ಯಾರೂ ವೇದಿಕೆಯನ್ನು ಬಡಿಯಲಿಲ್ಲ, ಚಪ್ಪಾಳೆ ಬಡಿದರು.

ಈ ಎರಡು ಕಚೇರಿಗಳ ನಡುವೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಏನು ಬದಲಾಯಿತು ಎಂಬುದೇ ಇಂದಿನ ನನ್ನ ವಿಷಯ. ಇದು ಅಭಿರುಚಿ ಬದಲಾದ ಕಥೆ ಮಾತ್ರವಲ್ಲ. ಒಂದೇ ಸಂಗತಿ ಮತ್ತೆ ಮತ್ತೆ ಬಂದರೆ ಅದು ಕಲ್ಪನೆಯ ಬಡತನವೇ, ಅಥವಾ ಕೇಳುವುದರಲ್ಲೇ ಇನ್ನೊಂದು ಬಗೆಯುಂಟೇ ಎಂಬ ಪ್ರಶ್ನೆ ಅದರ ಒಳಗಿದೆ. ಕೃತಿಯೊಂದರ ಪಲ್ಲವಿಯನ್ನು ಸಂಗತಿಯ ಮೇಲೆ ಸಂಗತಿಯಾಗಿ ಕೇಳುವ ನಮಗೆ ಈ ಪ್ರಶ್ನೆ ಅಪರಿಚಿತವಲ್ಲ. ಆದರೆ ಯುರೋಪಿನ ಸಂಗೀತಕ್ಕೆ ಇದು ನಿಜವಾದ ಬಿಕ್ಕಟ್ಟಾಗಿತ್ತು.

ಏಕೆಂದರೆ ಬೀಥೋವನ್ನರ ಕಾಲದಿಂದ ಅಲ್ಲಿ ಸಂಗೀತವೆಂದರೆ ಒಂದು ಪ್ರಯಾಣ. ಒಂದು ಸ್ವರವಾಕ್ಯ ಹುಟ್ಟುತ್ತದೆ, ಬೆಳೆಯುತ್ತದೆ, ಬೇರೆ ಶ್ರುತಿಗಳಿಗೆ ಹೋಗಿ ಸಂಘರ್ಷಕ್ಕೆ ಸಿಲುಕಿ ಕೊನೆಗೆ ಮನೆಗೆ ಮರಳುತ್ತದೆ. ಎರಡನೆಯ ಮಹಾಯುದ್ಧದ ನಂತರ ಬಂದ ಯುರೋಪಿನ ಹೊಸ ಪೀಳಿಗೆ ಮನೆಗೆ ಮರಳುವುದನ್ನು ಬಿಟ್ಟಿತು. ಆದರೆ ಪುನರಾವರ್ತನೆಯನ್ನು ಇನ್ನಷ್ಟು ಕಟ್ಟುನಿಟ್ಟಾಗಿ ದೂರವಿಟ್ಟಿತು. ಹನ್ನೆರಡು ಸ್ವರಗಳನ್ನೂ ಸಮಾನವಾಗಿ ನಡೆಸಿಕೊಳ್ಳಬೇಕು, ಕೇಳಿದ್ದು ಮತ್ತೆ ಕೇಳಿಸಬಾರದು ಎಂಬುದು ಹೆಚ್ಚುಕಡಿಮೆ ಧರ್ಮವೇ ಆಯಿತು. ಅಂಥ ಸಂಗೀತ ಬುದ್ಧಿಗೆ ಸವಾಲಾಗಿತ್ತು. ಸಾಮಾನ್ಯ ಕೇಳುಗನ ಕಾಲು ಮಾತ್ರ ನೆಲದ ಮೇಲೆ ತಾಳ ಹಾಕುವುದನ್ನು ಮರೆತುಬಿಟ್ಟಿತು.

ಇದಕ್ಕೆ ಎದುರಾಗಿ 1960ರ ದಶಕದಲ್ಲಿ ಅಮೆರಿಕದಲ್ಲಿ ನಾಲ್ವರು ಯುವಕರು ಬೇರೆ ಬೇರೆಯಾಗಿ, ಆದರೆ ಒಬ್ಬರನ್ನೊಬ್ಬರು ಬಲ್ಲವರಾಗಿ, ಹೊಸ ದಾರಿ ಹಿಡಿದರು. ಲಾ ಮಾಂಟ್ ಯಂಗ್, ಟೆರ್ರಿ ರೈಲಿ, ಸ್ಟೀವ್ ರೈಶ್ ಮತ್ತು ಫಿಲಿಪ್ ಗ್ಲಾಸ್. ಎಲ್ಲರೂ 1935ರಿಂದ 1937ರ ಒಳಗೆ ಹುಟ್ಟಿದವರು. ಅತಿ ಕಡಿಮೆ ಸಾಮಗ್ರಿ, ಸ್ಥಿರವಾದ ಲಯ, ನಿಧಾನವಾದ ಬದಲಾವಣೆ ಇವರ ಲಕ್ಷಣ. ಇದಕ್ಕೆ ಮಿನಿಮಲಿಸಂ ಎಂಬ ಹೆಸರು ಬಂತು. ಹೆಸರು ಈ ಸಂಯೋಜಕರಲ್ಲಿ ಹಲವರಿಗೆ ಇಷ್ಟವಾಗಲಿಲ್ಲ. ಆದರೂ ಅದೇ ನಿಂತಿತು.

ಇದರ ಮರ್ಮವನ್ನು ತಿಳಿಯಲು ಸಂಗೀತಶಾಸ್ತ್ರವೇನೂ ಬೇಡ. ಮಳೆಗಾಲದಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತವರು ಗಾಜಿನ ಮೇಲಿನ ಎರಡು ವೈಪರ್‌ಗಳನ್ನು ನೋಡಿರುತ್ತೀರಿ. ಎರಡಕ್ಕೂ ಬೇರೆ ಬೇರೆ ಮೋಟಾರು ಇದ್ದರೆ, ಮೊದಲು ಜೊತೆಯಾಗಿ ಆಡುತ್ತವೆ. ಆಮೇಲೆ ಒಂದು ಕೂದಲೆಳೆಯಷ್ಟು ಮುಂದಾಗುತ್ತದೆ. ನೋಡುತ್ತಿದ್ದಂತೆ ಒಂದು ಎಡಕ್ಕೆ ಹೋದಾಗ ಇನ್ನೊಂದು ಬಲಕ್ಕೆ. ಇನ್ನೂ ಕಾದರೆ ಮತ್ತೆ ಎರಡೂ ಕೂಡುತ್ತವೆ. ಎರಡು ವೈಪರ್‌ಗಳೂ ಹೊಸದೇನನ್ನೂ ಮಾಡಿಲ್ಲ. ಆದರೂ ಅವುಗಳ ನಡುವಿನ ಸಂಬಂಧ ಕ್ಷಣಕ್ಷಣಕ್ಕೂ ಹೊಸದು.

ರೈಶ್ ಅವರಿಗೆ ಇದು ಸಿಕ್ಕಿದ್ದು ಟೇಪ್ ರೆಕಾರ್ಡರಿನಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದ ಯೂನಿಯನ್ ಸ್ಕ್ವೇರ್ ಎಂಬ ಚೌಕದಲ್ಲಿ ನೋಹನ ಕಾಲದ ಮಹಾಪ್ರಳಯದ ಬಗ್ಗೆ ಒಬ್ಬ ಕಪ್ಪು ಧರ್ಮಬೋಧಕ ಉಪದೇಶ ಮಾಡುತ್ತಿದ್ದ. ಆ ಧ್ವನಿಯನ್ನು ಅವರು ಮುದ್ರಿಸಿಕೊಂಡು, ಒಂದು ತುಂಡನ್ನು ಸುತ್ತುವ ಕುಣಿಕೆಯಾಗಿ ಮಾಡಿ, ಎರಡು ಯಂತ್ರಗಳಲ್ಲಿ ಒಟ್ಟಿಗೆ ಹಾಕಿದರು. ಎರಡು ಯಂತ್ರಗಳ ವೇಗ ಸಂಪೂರ್ಣ ಒಂದೇ ಆಗಿರಲಿಲ್ಲ. ಧ್ವನಿಗಳು ನಿಧಾನವಾಗಿ ಒಂದರಿಂದ ಒಂದು ಜಾರಿದವು. ಮಾತು ಪ್ರತಿಧ್ವನಿಯಾಯಿತು, ಪ್ರತಿಧ್ವನಿ ಲಯವಾಯಿತು. ಹೀಗೆ 1965ರಲ್ಲಿ ‘ಇಟ್ಸ್ ಗೋನ ರೇನ್’ ಹುಟ್ಟಿತು. ಯಂತ್ರದ ಒಂದು ದೋಷವೇ ಸಂಗೀತದ ಒಂದು ತತ್ವವಾಯಿತೆಂದರೆ ತಪ್ಪಾಗಲಾರದು.

ಆದರೆ ಅವರ ದೊಡ್ಡ ಹೆಜ್ಜೆ ಬಂದದ್ದು ಎರಡು ವರ್ಷಗಳ ನಂತರ. ಯಂತ್ರ ಮಾಡಿದ್ದನ್ನು ಮನುಷ್ಯರು ಮಾಡಬಲ್ಲರೇ ಎಂದು ಕೇಳಿಕೊಂಡು 1967ರಲ್ಲಿ ಅವರು ‘ಪಿಯಾನೋ ಫೇಸ್’ ಬರೆದರು. ಇಬ್ಬರು ಪಿಯಾನೋ ವಾದಕರು ಹನ್ನೆರಡು ಸ್ವರಗಳ ಒಂದೇ ಸಾಲನ್ನು ನುಡಿಸುತ್ತಾರೆ. ಹನ್ನೆರಡು ಎಂದರೂ ಬೇರೆ ಬೇರೆ ಸ್ವರಗಳು ಐದೇ. ಒಬ್ಬರು ಲಯವನ್ನು ಬಿಗಿಯಾಗಿ ಹಿಡಿದಿರುತ್ತಾರೆ. ಇನ್ನೊಬ್ಬರು ಕಾಣದಷ್ಟು ನಿಧಾನವಾಗಿ ವೇಗ ಹೆಚ್ಚಿಸಿ, ಸರಿಯಾಗಿ ಒಂದು ಸ್ವರದಷ್ಟು ಮುಂದೆ ಹೋಗಿ ಅಲ್ಲಿ ನಿಲ್ಲುತ್ತಾರೆ. ಮತ್ತೆ ಅಲ್ಲಿಂದ ಇನ್ನೊಂದು ಸ್ವರ. ಹನ್ನೆರಡು ಬಾರಿ ಹೀಗಾದ ಮೇಲೆ ಇಬ್ಬರೂ ಕೂಡುತ್ತಾರೆ. ನಡುವೆ ಇಬ್ಬರೂ ನುಡಿಸದೇ ಇರುವ ರಾಗಗಳ ನೆರಳು ಕೇಳುಗನ ಕಿವಿಯಲ್ಲಿ ತಾನಾಗಿ ಹುಟ್ಟುತ್ತದೆ. ಪಕ್ಕದವನು ತಾಳದಿಂದ ಜಾರುತ್ತಿರುವಾಗ ತಾನು ಜಾರದೆ ಉಳಿಯುವುದು ಎಷ್ಟು ಕಷ್ಟವೆಂಬುದನ್ನು ಮೃದಂಗ, ಖಂಜಿರ ನುಡಿಸುವವರು ಬಲ್ಲರು.

1970ರಲ್ಲಿ ರೈಶ್ ಪಶ್ಚಿಮ ಆಫ್ರಿಕದ ಘಾನಾ ದೇಶಕ್ಕೆ ಹೋಗಿ ಎವೆ ಜನರ ಡೋಲುವಾದನ ಕಲಿತರು. ಮಲೇರಿಯಾ ತಗುಲಿ ಬೇಗ ಮರಳಬೇಕಾಯಿತು. ಆದರೆ ಕಲಿತದ್ದು ಜೊತೆಗೇ ಬಂತು. ಹಲವರು ಹಲವು ಚಿಕ್ಕ ತಾಳಗಳನ್ನು ಹೆಣೆದು ಒಂದು ದೊಡ್ಡ ತಾಳ ಕಟ್ಟುವ ಆ ಪದ್ಧತಿಯಿಂದ 1971ರ ‘ಡ್ರಮಿಂಗ್’, ಆಮೇಲೆ 1976ರ ‘ಮ್ಯೂಸಿಕ್ ಫಾರ್ 18 ಮ್ಯುಸಿಷಿಯನ್ಸ್’ ಬಂದವು. ಈ ಎರಡನೆಯ ಕೃತಿ ಸುಮಾರು ಒಂದು ಗಂಟೆಯದು. ಹನ್ನೊಂದು ಸ್ವರಮೇಳಗಳ ಮೇಲೆ ನಿಂತದ್ದು. ಇದರಲ್ಲಿ ಕೋಲು ಹಿಡಿದ ನಿರ್ದೇಶಕನಿಲ್ಲ. ಮುಂದಿನ ಭಾಗಕ್ಕೆ ಹೋಗಬೇಕೆಂಬ ಸೂಚನೆಯನ್ನು ವೈಬ್ರಫೋನ್ ಕೊಡುತ್ತದೆ. ಪಿಯಾನೋ, ಮರಿಂಬಾಗಳು ಯಂತ್ರದಂತೆ ಎಡೆಬಿಡದೆ ಬಡಿಯುತ್ತಿರುತ್ತವೆ. ಅದರ ಮೇಲೆ ಹಾಡುಗಾರರೂ ಕ್ಲಾರಿನೆಟ್ ವಾದಕರೂ ಒಂದು ಉಸಿರು ಇರುವಷ್ಟು ಹೊತ್ತು ಮಾತ್ರ ಸ್ವರವನ್ನು ಹಿಡಿದು ಬಿಡುತ್ತಾರೆ. ಕೆಳಗೆ ಗಡಿಯಾರ, ಮೇಲೆ ಉಸಿರು. ಈ ಚಿತ್ರವನ್ನು ದಯವಿಟ್ಟು ನೆನಪಿಡಿ. ಮಾತಿನ ಕೊನೆಗೆ ಇದಕ್ಕೆ ಮರಳುತ್ತೇನೆ.

ರೈಲಿಯವರ ‘ಇನ್ ಸಿ’ 1964ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲು ನುಡಿಯಿತು. ಒಂದೇ ಹಾಳೆಯಲ್ಲಿ ಹಿಡಿಸುವ 53 ಚಿಕ್ಕ ಸ್ವರವಾಕ್ಯಗಳು. ಎಷ್ಟು ಜನ ಬೇಕಾದರೂ, ಯಾವ ವಾದ್ಯದಲ್ಲಾದರೂ ನುಡಿಸಬಹುದು. ಪ್ರತಿಯೊಂದನ್ನೂ ಎಷ್ಟು ಸಲ ತಿರುಗಿಸಬೇಕೆಂಬುದು ವಾದಕನ ಇಚ್ಛೆ. ಆದರೆ ಉಳಿದವರನ್ನು ಕೇಳಿಸಿಕೊಳ್ಳುತ್ತ ಗುಂಪಿನಿಂದ ತೀರ ದೂರ ಹೋಗದಂತೆ ನಡೆಯಬೇಕು. ಮೊದಲ ಪ್ರದರ್ಶನದಲ್ಲಿ ನುಡಿಸಿದ ರೈಶ್ ಅವರೇ, ಎಲ್ಲರೂ ಹಿಡಿದುಕೊಳ್ಳಲು ಪಿಯಾನೋದ ಮೇಲಿನ ಷಡ್ಜವನ್ನು ಒಂದೇ ಸಮನೆ ತಟ್ಟುತ್ತಿರಲಿ ಎಂದು ಸಲಹೆ ಕೊಟ್ಟರು. ಅದೇ ಆ ಕೃತಿಯ ನಾಡಿಯಾಯಿತು.

ಇಲ್ಲಿ ನಮ್ಮ ಕಡೆಯವರಿಗೆ ಆಸಕ್ತಿಯೆನಿಸುವ ಒಂದು ಸಂಬಂಧವಿದೆ. ಲಾಹೋರಿನಲ್ಲಿ ಹುಟ್ಟಿದ ಪಂಡಿತ್ ಪ್ರಾಣನಾಥ್ ಅವರು 1970ರಲ್ಲಿ ಅಮೆರಿಕಕ್ಕೆ ಹೋದರು. ಅವರು ಕಿರಾಣಾ ಘರಾನೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರ ಶಿಷ್ಯರು. ಇದೇ ಘರಾನೆಯ ಇನ್ನೊಂದು ಕವಲು ಅಬ್ದುಲ್ ಕರೀಂ ಖಾನರಿಂದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಹರಿದು ಬಂದುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸ್ವರದ ಮೇಲೆ ಸಾಕಷ್ಟು ಹೊತ್ತು ನಿಂತು, ಅದನ್ನು ಎಲ್ಲ ಕಡೆಯಿಂದ ನೋಡಿ, ಆಮೇಲೆ ಮುಂದಿನ ಸ್ವರಕ್ಕೆ ಹೆಜ್ಜೆಯಿಡುವ ಆ ಬಢತ್ ಯಂಗ್ ಮತ್ತು ರೈಲಿಯವರಿಗೆ ತಾವು ಹುಡುಕುತ್ತಿದ್ದುದರ ಉತ್ತರದಂತೆ ಕಂಡಿತು. ಇಬ್ಬರೂ ಶಿಷ್ಯರಾದರು. 1996ರಲ್ಲಿ ಗುರುಗಳು ತೀರಿಕೊಳ್ಳುವವರೆಗೂ ಆ ಸಂಬಂಧ ಉಳಿಯಿತು. ಆದರೆ ಒಂದು ಎಚ್ಚರಿಕೆ: ‘ಇನ್ ಸಿ’ ಬಂದದ್ದು ಅದಕ್ಕೆ ಆರು ವರ್ಷ ಮೊದಲು. ಎಲ್ಲವೂ ನಮ್ಮಿಂದಲೇ ಹೋಯಿತೆಂದು ಹೆಮ್ಮೆಪಡುವ ಆತುರ ಬೇಡ.

ಗ್ಲಾಸ್ ಅವರ ಕಥೆ ಇನ್ನೂ ಸ್ವಾರಸ್ಯಕರ. 1960ರ ದಶಕದ ನಡುವೆ ಅವರು ಪ್ಯಾರಿಸ್ಸಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, ‘ಚಪಾಕ್ವಾ’ ಎಂಬ ಚಲನಚಿತ್ರಕ್ಕೆ ಪಂಡಿತ್ ರವಿಶಂಕರ್ ಸಂಗೀತ ಒದಗಿಸುತ್ತಿದ್ದರು. ಅದನ್ನು ಪಾಶ್ಚಾತ್ಯ ವಾದಕರಿಗಾಗಿ ಸ್ವರಲಿಪಿಗೆ ಇಳಿಸುವ ಕೆಲಸ ಗ್ಲಾಸರದು. ಬರೆದದ್ದನ್ನು ವಾದಕರು ನುಡಿಸಿದರೆ ಒತ್ತು ಎಲ್ಲೋ ತಪ್ಪುತ್ತಿತ್ತು. ತಬಲಾ ವಾದಕ ಅಲ್ಲಾ ರಖಾ ಮತ್ತೆ ಮತ್ತೆ ತಿದ್ದುತ್ತಿದ್ದರು. ಕೊನೆಗೆ ಗ್ಲಾಸ್ ಲಿಪಿಯಲ್ಲಿನ ಅಡ್ಡಗೆರೆಗಳನ್ನೆಲ್ಲ ಅಳಿಸಿಹಾಕಿದರು. ಆಗ ಕಂಡದ್ದು ಭಾಗಿಸಿದ ಕಾಲವಲ್ಲ, ಒಂದಕ್ಕೊಂದು ಕೂಡುತ್ತ ಸಾಗುವ ಸಮಾನ ಬಡಿತಗಳ ಹೊಳೆ. ಐದು ಸ್ವರದ ಸಾಲಿಗೆ ಒಂದು ಸೇರಿಸಿ ಆರು, ಇನ್ನೊಂದು ಸೇರಿಸಿ ಏಳು, ಮತ್ತೆ ಇಳಿಸುತ್ತ ಬರುವ ಅವರ ಪದ್ಧತಿ ಅಲ್ಲಿಂದ ಬೆಳೆಯಿತು. ಯತಿಗಳ ಲೆಕ್ಕಾಚಾರವನ್ನು ಬಲ್ಲ ನಮ್ಮ ಶ್ರೋತೃಗಳಿಗೆ ಇದು ತೀರ ಸರಳವೆನಿಸಬಹುದು. ಆದರೆ ಅದರಿಂದಲೇ 1976ರಲ್ಲಿ ‘ಐನ್‌ಸ್ಟೈನ್ ಆನ್ ದ ಬೀಚ್’, 1980ರಲ್ಲಿ ಭಗವದ್ಗೀತೆಯ ಸಂಸ್ಕೃತ ಶ್ಲೋಕಗಳನ್ನೇ ಹಾಡಿಸಿ ಗಾಂಧೀಜಿಯ ದಕ್ಷಿಣ ಆಫ್ರಿಕದ ದಿನಗಳನ್ನು ತೋರಿಸಿದ ‘ಸತ್ಯಾಗ್ರಹ’ ಒಪೆರಾಗಳು ಬಂದವು. ಐನ್‌ಸ್ಟೈನ್ ಒಪೆರಾ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಹೌಸಿನಲ್ಲಿ ನಡೆದ ಮೇಲೂ ಸಂಯೋಜಕರು ಹೊಟ್ಟೆಪಾಡಿಗೆ ಟ್ಯಾಕ್ಸಿ ಓಡಿಸುತ್ತಿದ್ದರು.

ಇನ್ನು ಎರಡನೆಯ ಹೊಳೆಗೆ ಬರೋಣ. ಅದು ಸಂಗೀತಶಾಲೆಗಳಿಂದ ಹೊರಟದ್ದಲ್ಲ. ಅಮೆರಿಕದ ಡೆಟ್ರಾಯಿಟ್ ಮೋಟಾರು ಕಾರ್ಖಾನೆಗಳ ಊರು. 1980ರ ದಶಕದ ಹೊತ್ತಿಗೆ ಕಾರ್ಖಾನೆಗಳು ಮುಚ್ಚುತ್ತ, ಜನ ಊರು ಬಿಡುತ್ತ, ಬೀದಿಗಳು ಬರಿದಾಗುತ್ತಿದ್ದವು. ಅದರ ಸಮೀಪದ ಬೆಲ್‌ವಿಲ್ ಎಂಬಲ್ಲಿ ಒಂದೇ ಶಾಲೆಯಲ್ಲಿ ಓದಿದ ಮೂವರು ಕಪ್ಪು ಯುವಕರು, ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ ಮತ್ತು ಕೆವಿನ್ ಸಾಂಡರ್ಸನ್, ರೇಡಿಯೋದಲ್ಲಿ ಅಮೆರಿಕದ ಫಂಕ್ ಸಂಗೀತವನ್ನೂ ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡದ ಯಂತ್ರಸಂಗೀತವನ್ನೂ ಒಟ್ಟಿಗೆ ಕೇಳುತ್ತ ಬೆಳೆದರು. ಅವರು ಕಟ್ಟಿದ ಸಂಗೀತಕ್ಕೆ ಟೆಕ್ನೋ ಎಂಬ ಹೆಸರು 1988ರ ಒಂದು ಸಂಕಲನದಿಂದ ಜಗತ್ತಿಗೆ ತಿಳಿಯಿತು.

ಅವರ ವಾದ್ಯ ಡ್ರಮ್ ಮಷಿನ್. ಜಪಾನಿನ ರೋಲಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಎಂಬ ಪೆಟ್ಟಿಗೆಯಲ್ಲಿ ಹದಿನಾರು ಗುಂಡಿಗಳ ಒಂದು ಸಾಲಿದೆ. ಯಾವ ಗುಂಡಿ ಒತ್ತಿದರೆ ಆ ಮಾತ್ರೆಗೆ ಪೆಟ್ಟು ಬೀಳುತ್ತದೆ. ಹದಿನಾರು ಮುಗಿದರೆ ಮತ್ತೆ ಒಂದರಿಂದ. ನಿಜವಾದ ಡ್ರಮ್ಮಿನ ಧ್ವನಿ ಬರುವುದಿಲ್ಲವೆಂದು ಸ್ಟುಡಿಯೋಗಳು ದೂರಿದವು. ಕೆಲವೇ ವರ್ಷಗಳಲ್ಲಿ ತಯಾರಿಕೆಯೂ ನಿಂತಿತು. ಹಳೆಯ ಯಂತ್ರಗಳು ಅಗ್ಗದಲ್ಲಿ ಈ ಹುಡುಗರ ಕೈಗೆ ಬಂದವು. ನಿಮಿಷಕ್ಕೆ 120ರಿಂದ 140ರಷ್ಟು ವೇಗದಲ್ಲಿ ಪ್ರತಿ ಎಣಿಕೆಗೂ ದೊಡ್ಡ ಡ್ರಮ್ಮಿನ ಏಟು, ಮೇಲೆ ಒಂದೊಂದೇ ಪದರ ಸೇರುತ್ತ, ಕಳಚುತ್ತ ಹೋಗುವ ಸದ್ದು. ಇದು ಟೆಕ್ನೋದ ಮೈಕಟ್ಟು. ಅದರಲ್ಲಿ ಹಾಡಿನ ಪಲ್ಲವಿ, ಚರಣಗಳಿಲ್ಲ. ರಾತ್ರಿಯಿಡೀ ಕುಣಿಯುವವರಿಗೆ ಆರಂಭ, ಅಂತ್ಯಗಳ ಅಗತ್ಯವೂ ಇಲ್ಲ.

ಪ್ರಸಂಗವಶಾತ್ ಮುಂಬಯಿಯ ಒಬ್ಬರ ಹೆಸರನ್ನೂ ಇಲ್ಲಿ ಹೇಳಬೇಕು. ಹಿಂದೀ ಚಿತ್ರಗಳ ವಾದ್ಯವೃಂದದಲ್ಲಿ ಗಿಟಾರ್ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಇದೇ 808 ಮತ್ತು ರೋಲಂಡ್ ಕಂಪನಿಯ ಇನ್ನೊಂದು ಚಿಕ್ಕ ಯಂತ್ರ ಟಿಬಿ-303ನ್ನು ಬಳಸಿ ಭೈರವ್, ತೋಡಿ, ಮಾಲಕೌಂಸ್ ಮೊದಲಾದ ಹತ್ತು ರಾಗಗಳಿಗೆ ಡಿಸ್ಕೋ ತಾಳ ಜೋಡಿಸಿ ಒಂದು ಧ್ವನಿಮುದ್ರಿಕೆ ಮಾಡಿದರು. ಅದು ಆಗ ಯಾರ ಗಮನಕ್ಕೂ ಬರಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ, ಷಿಕಾಗೋ ನಗರದಲ್ಲಿ 1987ರಲ್ಲಿ ಪ್ರಸಿದ್ಧಿಗೆ ಬಂದ ‘ಆಸಿಡ್ ಹೌಸ್’ ಎಂಬ ಶೈಲಿಯ ಧ್ವನಿ ಐದು ವರ್ಷ ಮೊದಲೇ ಮುಂಬಯಿಯಲ್ಲಿ ಕೇಳಿಸಿತ್ತಲ್ಲ ಎಂದು ಕೇಳಿದವರು ಬೆರಗಾದರು. ಸಿಂಗ್ 2015ರಲ್ಲಿ ತೀರಿಕೊಂಡರು. ಒಂದೇ ಯಂತ್ರ ಬೇರೆ ಬೇರೆ ಊರಿನ ಕೈಗಳಿಗೆ ಸಿಕ್ಕಾಗ ಒಂದನ್ನೊಂದು ಅರಿಯದೆಯೇ ಹತ್ತಿರದ ಫಲ ಕೊಟ್ಟಿತು.

ಮಿನಿಮಲಿಸಂ ಮತ್ತು ಟೆಕ್ನೋಗಳ ಸಂಬಂಧವೂ ಇಂಥದೇ. ಒಂದು ಇನ್ನೊಂದರ ಮಗುವಲ್ಲ. ಎರಡು ಹೊಳೆಗಳೂ ಬೇರೆ ಬೇರೆ ಬೆಟ್ಟಗಳಲ್ಲಿ ಹುಟ್ಟಿ ಬಯಲಿನಲ್ಲಿ ಕೂಡಿದವು. ಕೂಡಿದ ಒಂದು ಜಾಗವನ್ನು ಬೆರಳಿಟ್ಟು ತೋರಿಸಬಹುದು. 1987ರಲ್ಲಿ ರೈಶ್ ‘ಎಲೆಕ್ಟ್ರಿಕ್ ಕೌಂಟರ್‌ಪಾಯಿಂಟ್’ ಬರೆದರು. ಗಿಟಾರ್ ವಾದಕ ಪ್ಯಾಟ್ ಮೆಥೆನಿ ಹಲವು ಪದರಗಳನ್ನು ಮೊದಲೇ ಮುದ್ರಿಸಿಕೊಂಡು, ಅದರ ಜೊತೆ ತಾವೇ ನುಡಿಸುವ ಕೃತಿ. 1990ರಲ್ಲಿ ಇಂಗ್ಲೆಂಡಿನ ‘ದಿ ಆರ್ಬ್’ ತಂಡ ಅದರ ಒಂದು ತುಂಡನ್ನು ತೆಗೆದು ತನ್ನ ನೃತ್ಯಗೀತೆಯೊಂದರಲ್ಲಿ ಸುತ್ತಿಸಿತು. ರೈಶ್ ಅದನ್ನು ಕಳ್ಳತನವೆಂದು ಜಗಳಕ್ಕೆ ಹೋಗಲಿಲ್ಲ, ಸಂತೋಷಪಟ್ಟರು. 1999ರಲ್ಲಿ ಡಿ.ಜೆ.ಗಳು ಅವರ ಕೃತಿಗಳನ್ನು ಮರುರೂಪಿಸಿದ ಒಂದು ಸಂಪುಟವೇ ಹೊರಬಂತು. ರಸ್ತೆಯ ಧ್ವನಿಯನ್ನು ಕುಣಿಕೆಯಾಗಿ ಸುತ್ತಿಸಿದ್ದವರ ಸಂಗೀತವೇ ಈಗ ಕುಣಿಕೆಯಾಗಿ ಸುತ್ತಿತು.

ಎಲ್ಲ ಹಿರಿಯರೂ ಹೀಗೆ ಒಪ್ಪಲಿಲ್ಲ. 1995ರಲ್ಲಿ ಬಿಬಿಸಿ ರೇಡಿಯೋ ಜರ್ಮನಿಯ ಕಾರ್ಲ್‌ಹೈಂಜ್ ಸ್ಟಾಕ್‌ಹೌಸನ್ ಅವರಿಗೆ ಕೆಲವು ಟೆಕ್ನೋ ಕಲಾವಿದರ ಧ್ವನಿಮುದ್ರಿಕೆಗಳನ್ನು ಕಳಿಸಿ ಅಭಿಪ್ರಾಯ ಕೇಳಿತು. 1950ರ ದಶಕದಲ್ಲೇ ಎಲೆಕ್ಟ್ರಾನಿಕ್ ಸಂಗೀತಕ್ಕೆ ಅಡಿಪಾಯ ಹಾಕಿದ ಮೇಧಾವಿ ಅವರು. ಏಫೆಕ್ಸ್ ಟ್ವಿನ್ ಎಂಬ ಹೆಸರಿನ ಯುವಕನಿಗೆ ಅವರು ಕೊಟ್ಟ ಸಲಹೆಯ ಸಾರವೆಂದರೆ: ಈ ಪುನರಾವರ್ತನೆಯನ್ನು ಬಿಡು, ನನ್ನ ಹಳೆಯ ಕೃತಿಯನ್ನು ಕೇಳಿ ಕಲಿ. ಯುವಕನೂ ಬಿಡಲಿಲ್ಲ. ಅವರೇ ನನ್ನದನ್ನು ಕೇಳಿದರೆ ಕುಣಿಯಲಾಗದ ಸದ್ದು ಮಾಡುವುದನ್ನು ನಿಲ್ಲಿಸಿಯಾರು ಎಂಬ ಅರ್ಥದಲ್ಲಿ ಉತ್ತರ ಕೊಟ್ಟ. ಹಾಸ್ಯವೆನಿಸಿದರೂ ಇದರಲ್ಲಿ ನಿಜವಾದ ಭಿನ್ನಮತವಿದೆ. ಒಬ್ಬರಿಗೆ ಸಂಗೀತವೆಂದರೆ ಹೊಸದರ ನಿರಂತರ ಶೋಧ. ಇನ್ನೊಬ್ಬನಿಗೆ ದೇಹ ಪಾಲ್ಗೊಳ್ಳದ ಶೋಧ ಅರ್ಧ ಮಾತ್ರ.

ಈ ವಾದಕ್ಕೆ ಉತ್ತರ ಮಾತಿನಲ್ಲಿ ಬರಲಿಲ್ಲ, ಕೃತಿಯಲ್ಲಿ ಬಂತು. 1997ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸೈಮನ್ ರಾಟಲ್ ನಿರ್ದೇಶನದಲ್ಲಿ ‘ಅಸೈಲಾ’ ಎಂಬ ಕೃತಿ ಮೊದಲ ಬಾರಿ ನುಡಿಯಿತು. ಬರೆದ ಥಾಮಸ್ ಅಡೆಸ್ ಅವರಿಗೆ ಆಗ ಇಪ್ಪತ್ತಾರು ವರ್ಷ. ಶೀರ್ಷಿಕೆಗೆ ಎರಡು ಅರ್ಥ: ಆಶ್ರಯದ ತಾಣಗಳು, ಹುಚ್ಚಾಸ್ಪತ್ರೆಗಳು. ನಾಲ್ಕು ಭಾಗಗಳ ಈ ಕೃತಿಯ ಮೂರನೆಯ ಭಾಗದ ಹೆಸರು ‘ಎಕ್ಸ್‌ಟೇಸಿಯೋ’. ಹಳೆಯ ಸಿಂಫನಿಗಳಲ್ಲಿ ಈ ಸ್ಥಾನದಲ್ಲಿ ಆಸ್ಥಾನದ ಅಥವಾ ಹಳ್ಳಿಯ ನೃತ್ಯವೊಂದಿರುವುದು ರೂಢಿ. ಅಡೆಸ್ ಅಲ್ಲಿ ತಮ್ಮ ಕಾಲದ ನೃತ್ಯವನ್ನಿಟ್ಟರು. ದೊಡ್ಡ ಡ್ರಮ್ಮು ಕ್ಲಬ್ಬಿನ ಏಟು ಹಾಕುತ್ತದೆ. ಚಿಕ್ಕ ಸ್ವರವಾಕ್ಯಗಳು ಪದರಪದರವಾಗಿ ಏರಿ, ಭಾವಾವೇಶ ಉಕ್ಕಿ, ಭಯವೂ ಆಗುತ್ತದೆ. ವಿಶೇಷವೆಂದರೆ ಅಲ್ಲಿ ಯಂತ್ರವೇ ಇಲ್ಲ. ಎಲ್ಲವನ್ನೂ ಮನುಷ್ಯರು ವಾದ್ಯಗಳಲ್ಲೇ ನುಡಿಸುತ್ತಾರೆ. ಸರಳವೆಂದು ಕಿವಿಗೆ ಕೇಳಿದ್ದು ಹಾಳೆಯ ಮೇಲೆ ಅತ್ಯಂತ ಜಟಿಲ. ಸೈಮನ್ ರಾಟಲ್ 2002ರಲ್ಲಿ ಬರ್ಲಿನ್ ಫಿಲ್‌ಹಾರ್ಮೊನಿಕ್‌ನ ಮುಖ್ಯ ನಿರ್ದೇಶಕರಾಗಿ ಅಧಿಕಾರ ವಹಿಸಿಕೊಂಡ ಮೊದಲ ಕಚೇರಿಯಲ್ಲಿ ಮಾಹ್ಲರರ ಐದನೆಯ ಸಿಂಫನಿಯ ಜೊತೆಗೆ ಇದನ್ನೇ ಇಟ್ಟರು. ಕ್ಲಬ್ಬಿನ ಬಡಿತ ಯುರೋಪಿನ ಅತಿ ಗೌರವಾನ್ವಿತ ವೇದಿಕೆಗೆ ಮುಂಬಾಗಿಲಿನಿಂದಲೇ ಪ್ರವೇಶಿಸಿತು.

ಆಮೇಲೆ ಬಾಗಿಲು ಎರಡೂ ಕಡೆಯಿಂದ ತೆರೆಯಿತು. 2005ರಲ್ಲಿ ಡೆಟ್ರಾಯಿಟಿನ ಜೆಫ್ ಮಿಲ್ಸ್ ಫ್ರಾನ್ಸಿನ ಪೋಂ ದ್ಯು ಗಾರ್ ಎಂಬ ಪ್ರಾಚೀನ ರೋಮನ್ ಸೇತುವೆಯ ಬಳಿ ಮೋಂಪೆಲಿಯೇ ನಗರದ ವಾದ್ಯವೃಂದದೊಡನೆ ತಮ್ಮ ಟೆಕ್ನೋ ಕೃತಿಗಳನ್ನು ನಡೆಸಿಕೊಟ್ಟರು. ಸೆರ್ಗೇಯಿ ಪ್ರೊಕೊಫಿಯೆವರ ಮೊಮ್ಮಗ ಗೇಬ್ರಿಯಲ್ ಪ್ರೊಕೊಫಿಯೆವ್ 2006ರಲ್ಲಿ ಗ್ರಾಮಾಫೋನ್ ತಟ್ಟೆ ತಿರುಗಿಸುವ ಡಿ.ಜೆ.ಯನ್ನೇ ಪ್ರಧಾನ ವಾದಕನಾಗಿಸಿ ಕಾಂಚೆರ್ಟೊ ಬರೆದರು. 2011ರಲ್ಲಿ ಅದು ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ನುಡಿಯಿತು.

ಈಗ ಮುಖ್ಯ ಪ್ರಶ್ನೆ: ಇದರಿಂದ ಸಂಯೋಜನೆಯ ಕಸುಬಿನಲ್ಲಿ ನಿಜವಾಗಿ ಬದಲಾದದ್ದೇನು? ಡ್ರಮ್ಮು ಸೇರಿಸಿದ ಮಾತ್ರಕ್ಕೆ ಪ್ರಭಾವವೆನಿಸದು. ನನಗೆ ಮೂರು ಬದಲಾವಣೆಗಳು ಮುಖ್ಯವಾಗಿ ಕಾಣುತ್ತವೆ. ಮೊದಲನೆಯದು ರಚನೆಯ ಕ್ರಮ. ಸ್ವರವಾಕ್ಯವನ್ನು ಬೆಳೆಸಿ ವಾದ ಹೂಡುವ ಬದಲು, ಪದರಗಳನ್ನು ಕೂಡಿಸಿ ಕಳೆದು ಕೃತಿ ಕಟ್ಟುವುದು. ಯಾವುದು ಯಾವಾಗ ಒಳಬಂತು, ಯಾವಾಗ ಮೆಲ್ಲನೆ ಮರೆಯಾಯಿತು ಎಂಬುದೇ ಅಲ್ಲಿನ ಕಥೆ. ಎರಡನೆಯದು ನಾದದ ಬಣ್ಣ. ಟೆಕ್ನೋದಲ್ಲಿ ಒಂದೇ ಸ್ವರ ಮಂಕಾಗಿ ಆರಂಭವಾಗಿ, ಯಂತ್ರದ ಗುಂಡಿ ತಿರುಗಿಸಿದಂತೆ ಹರಿತವಾಗುತ್ತ ಹೋಗುತ್ತದೆ. ಈಗ ಸಂಯೋಜಕರು ಅದನ್ನು ಪಿಟೀಲಿನ ಕಮಾನಿನಿಂದ ಮಾಡಿಸುತ್ತಾರೆ. ತಂತಿಯ ಕುದುರೆಯ ಕಡೆಗೆ ಕಮಾನು ಸರಿದಂತೆ ಅದೇ ಸ್ವರಕ್ಕೆ ಅಂಚು ಬರುತ್ತದೆ. ಮೂರನೆಯದು ಕಾಲದ ಅರಿವು. ಮುಂದೇನು ಎಂಬ ಕಾತರದ ಬದಲು ಈಗ ಏನು ಎಂಬ ಗಮನವನ್ನು ಈ ಸಂಗೀತ ಕೇಳುಗನಿಂದ ಬೇಡುತ್ತದೆ.

ಇದಕ್ಕೆ ಬೆಲೆ ತೆರುವವರು ವಾದಕರು. ಯಂತ್ರಕ್ಕೆ ಹದಿನಾರು ಮಾತ್ರೆಗಳನ್ನು ಸಾವಿರ ಸಲ ತಿರುಗಿಸುವುದು ಒಂದು ಗುಂಡಿಯ ಕೆಲಸ. ಮನುಷ್ಯನ ಮಣಿಕಟ್ಟು ನೋಯುತ್ತದೆ, ಎಣಿಕೆ ತಪ್ಪುತ್ತದೆ, ಮನಸ್ಸು ಎಲ್ಲೋ ಹೋಗಿ ಮರಳುತ್ತದೆ. ಆದರೆ ಈ ಸಂಗೀತದ ಜೀವ ಇರುವುದು ಅಲ್ಲಿಯೇ ಎಂದು ನನ್ನ ನಂಬಿಕೆ. ಯಂತ್ರದಷ್ಟು ನಿಖರವಾಗಲು ಮನುಷ್ಯ ಹೊರಟು, ಕೂದಲೆಳೆಯಷ್ಟು ದೂರದಲ್ಲಿ ಉಳಿಯುತ್ತಾನೆ. ಆ ಕೂದಲೆಳೆಯಲ್ಲಿ ಬೆವರು, ಉಸಿರು, ಪಕ್ಕದವನ ಮೇಲಿನ ನಂಬಿಕೆ ಎಲ್ಲವೂ ಇವೆ. ಆಗಲೇ ಹೇಳಿದ ರೈಶ್ ಅವರ ಹದಿನೆಂಟು ವಾದಕರ ಕೃತಿಯಲ್ಲಿ ಗಡಿಯಾರದ ಮೇಲೆ ಉಸಿರನ್ನಿಟ್ಟದ್ದು ಈ ಕಾರಣಕ್ಕೇ ನನಗೆ ಆ ಶತಮಾನದ ದೊಡ್ಡ ಸಾಧನೆಯಾಗಿ ಕಾಣುತ್ತದೆ.

ಹಾಗೆಂದು ಎಲ್ಲವೂ ಒಳ್ಳೆಯದಾಗಿದೆಯೆಂದು ಹೇಳಲಾರೆ. ಎರಡು ಮಾತು ನಿಷ್ಠುರವಾಗಿ ಹೇಳಬೇಕು. ಪುನರಾವರ್ತನೆ ಕಲಿಯುವುದಕ್ಕೆ ಸುಲಭ, ಮಾರುವುದಕ್ಕೆ ಇನ್ನೂ ಸುಲಭ. ಇಂದು ಪಿಯಾನೋದ ಮೇಲೆ ನಾಲ್ಕು ಸ್ವರಮೇಳಗಳನ್ನು ಮೃದುವಾಗಿ ತಿರುಗಿಸಿ, ಓದುವಾಗ, ಮಲಗುವಾಗ, ಕೆಲಸ ಮಾಡುವಾಗ ಹಿನ್ನೆಲೆಗೆ ಹಾಕಿಕೊಳ್ಳಿ ಎಂದು ಹಂಚುವ ಸಂಗೀತ ಹೇರಳವಾಗಿದೆ. ಗಮನವನ್ನು ಬೇಡಲು ಹುಟ್ಟಿದ ಪದ್ಧತಿ, ಗಮನ ಬೇಡದ ಸರಕಾಗಿದೆ. ಕಾರ್ನೆಗಿ ಹಾಲಿನಲ್ಲಿ ಕೂಗಿದವರು ಕನಿಷ್ಠ ಕೇಳುತ್ತಿದ್ದರು.

ಎರಡನೆಯದು ನ್ಯಾಯದ ಮಾತು. 2024ರಲ್ಲಿ ಜರ್ಮನಿ ಬರ್ಲಿನ್ನಿನ ಟೆಕ್ನೋ ಸಂಸ್ಕೃತಿಯನ್ನು ತನ್ನ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಗೋಡೆ ಬಿದ್ದ ಮೇಲೆ ಎರಡು ಬರ್ಲಿನ್ನುಗಳ ಯುವಕರು ಪಾಳುಬಿದ್ದ ಕಟ್ಟಡಗಳಲ್ಲಿ ಒಟ್ಟಿಗೆ ಕುಣಿದದ್ದು ಇದೇ ಸಂಗೀತಕ್ಕೆ. ಆ ಗೌರವ ಸಲ್ಲತಕ್ಕದ್ದೇ. ಆದರೆ ಅದು ಹುಟ್ಟಿದ್ದು ಡೆಟ್ರಾಯಿಟಿನ ಕಪ್ಪು ಯುವಕರ ಕೈಯಲ್ಲಿ. ರೈಶ್ ಅವರ ಮೊದಲ ಕುಣಿಕೆಯಲ್ಲಿ ಸುತ್ತಿದ್ದು ಕಪ್ಪು ಬೋಧಕನ ಧ್ವನಿ, ಅವರಿಗೆ ತಾಳ ಕಲಿಸಿದ್ದು ಘಾನಾದ ಡೋಲು, ಗ್ಲಾಸರ ತಪ್ಪು ತಿದ್ದಿದ್ದು ಅಲ್ಲಾ ರಖಾ. ಕೃತಿಯ ಮೇಲೆ ಒಬ್ಬ ಸಂಯೋಜಕನ ಹೆಸರು ಅಚ್ಚಾಗುತ್ತದೆ. ಅದರ ಹಿಂದಿನ ಗುರುಗಳ ಸಾಲು ಅಚ್ಚಾಗುವುದಿಲ್ಲ. ಗುರುಪರಂಪರೆಯನ್ನು ಹೇಳಿಯೇ ಹಾಡಲು ಕೂರುವ ನಾಡಿನವರಾದ ನಮಗೆ ಈ ಕೊರತೆ ಬೇಗ ಕಾಣಬೇಕು.

ವೀಕ್ಷಕರೇ, ಈ ಸಂಗೀತವನ್ನು ಒಮ್ಮೆ ಕೇಳಿ ನೋಡಬೇಕೆನಿಸಿದರೆ ‘ಪಿಯಾನೋ ಫೇಸ್’ನಿಂದ ಆರಂಭಿಸಿ. ಮೊದಲ ಎರಡು ನಿಮಿಷ ಬೇಸರವಾದೀತು. ಆಗ ಎದ್ದು ಹೋಗಬೇಡಿ. ಏನಾಗುತ್ತದೆಂದು ಕಾಯುವುದನ್ನು ಬಿಟ್ಟು, ಆಗುತ್ತಿರುವುದನ್ನು ಹಿಡಿಯಿರಿ. ಅಷ್ಟು ಹೊತ್ತು ಒಂದಾಗಿದ್ದ ಸಾಲು ಎಲ್ಲೋ ಎರಡಾಗಿರುತ್ತದೆ. ಯಾವ ಕ್ಷಣದಲ್ಲಿ ಎಂದು ನಿಮಗೆ ಹೇಳಲಾಗುವುದಿಲ್ಲ. ಆಮೇಲೆ ಅದೇ ಕಿವಿಯಿಂದ ಒಂದು ವಿಲಂಬಿತ ಖಯಾಲನ್ನು ಕೇಳಿ. ಒಂದು ಸ್ವರದ ಮೇಲೆ ಗಾಯಕರು ಏಕೆ ಅಷ್ಟು ಹೊತ್ತು ನಿಲ್ಲುತ್ತಾರೆಂಬುದು ಬಹುಶಃ ಹಿಂದಿಗಿಂತ ಚೆನ್ನಾಗಿ ತಿಳಿದೀತು. ದೂರದ ಒಂದು ಸಂಗೀತ ನಮ್ಮದನ್ನೇ ಇನ್ನೊಮ್ಮೆ ಕೇಳುವಂತೆ ಮಾಡಿದರೆ, ಅದನ್ನು ಕೇಳಿದ ಹೊತ್ತು ಸಾರ್ಥಕ.